ಪೈಪುಗಳ ತವರೂರು ಸೇಂಟ್ ಕ್ಲೋದ್

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಯನ್ನು ಅಪ್ಪಿಕೊಂಡಂತೆ ಜೂರಾ ಪರ್ವತಶ್ರೇಣಿಯು ಹಬ್ಬಿದೆ. ಆಲ್ಪ್ಸ್ ಪರ್ವತಗಳ ಔನ್ನತ್ಯವಾಗಲಿ ಕೀರ್ತಿಯಾಗಲಿ ಇದಕ್ಕಿಲ್ಲ. ಆದರೂ ಭೂಗರ್ಭಶಾಸ್ತ್ರಜ್ಞರು 'ಜುರಾಸಿಕ್' ಎಂದು ಕರೆಯುವ ಪುರಾತನ ಯುಗಕ್ಕೆ ಹೆಸರು ದೊರೆತುದು ಈ ಬೆಟ್ಟಗಳ ಸುಣ್ಣಕಲ್ಲಿನಿಂದಲೇ. ಕಡಿದಾದ ಕಣಿವೆಗಳು, ಕಪ್ಪಗೆ ಕಾಣುವ ದೇವದಾರುಗಳ ಕಾಡು, ದನ ಮೇಯುವ ಹಸಿರು ಇಳಿಜಾರು, ವರ್ಷದಲ್ಲಿ ಹಲವು ತಿಂಗಳು ದಾರಿ ಮುಚ್ಚಿಹಾಕುವ ಹಿಮ—ಇದೇ ಆ ನಾಡಿನ ಸ್ವರೂಪ.

ಈ ನಾಡಿನ ಒಳಹೊಗುವ ಪ್ರವಾಸಿಗನಿಗೆ ಅತ್ಯಂತ ರಮಣೀಯವಾದ ದಾರಿಯೆಂದರೆ ದೋಲ್ ಪಟ್ಟಣದಿಂದ ಹೊರಡುವ ರೈಲು. 'ಸ್ವಾಲೋ ಹಕ್ಕಿಗಳ ಮಾರ್ಗ' ಎಂಬುದು ಅದಕ್ಕೆ ಜನರಿಟ್ಟ ಮುದ್ದಿನ ಹೆಸರು. ಸುಮಾರು 120 ಕಿಲೋಮೀಟರುಗಳ ಈ ಪಯಣದಲ್ಲಿ 36 ಸುರಂಗಗಳೂ 18 ಎತ್ತರದ ಸೇತುವೆಗಳೂ ಸಿಕ್ಕುತ್ತವೆ. ಕನ್ನಡಕದ ಚೌಕಟ್ಟುಗಳಿಗೆ ಹೆಸರಾದ ಮೊರೇ ಪಟ್ಟಣದ ಬಳಿ ಹಳಿಯು ಕಲ್ಲಿನ ಕಮಾನುಗಳ ಮೇಲೆ ಬಳಸಿ ಬಳಸಿ ಸಾಗುತ್ತದೆ. ಆ ಪಟ್ಟಣದಿಂದ ಮುಂದಿನ ಭಾಗವನ್ನು ಕಟ್ಟಿ ಮುಗಿಸಿದುದು 1912ರಲ್ಲಿ. ಒಂದು ಸುರಂಗದ ಕತ್ತಲೆ ಕಳೆದು ಬೆಳಕು ಕಣ್ಣಿಗೆ ಬೀಳುವಷ್ಟರಲ್ಲಿ ಮತ್ತೊಂದು ಸುರಂಗವು ಬಾಯ್ದೆರೆದು ನಿಂತಿರುತ್ತದೆ. ಹೀಗೆ ಕತ್ತಲೆ ಬೆಳಕುಗಳ ನಡುವೆ ತೂಗಾಡುತ್ತ ಸಾಗಿದ ರೈಲು, ಬಿಯೆನ್ ಮತ್ತು ತಾಕೋನ್ ಎಂಬ ಎರಡು ಹೊಳೆಗಳು ಕೂಡುವ ಕಣಿವೆಯಲ್ಲಿ ಪ್ರಯಾಣಿಕರನ್ನು ಇಳಿಸುತ್ತದೆ. ಅದೇ ಸೇಂಟ್ ಕ್ಲೋದ್.

ಊರಿಗೆ ಹರಡಿಕೊಳ್ಳಲು ಸ್ಥಳವಿಲ್ಲ. ಬಂಡೆಗಳ ನಡುವಣ ಇಕ್ಕಟ್ಟಾದ ಜಗಲಿಯ ಮೇಲೆ ಮನೆಗಳು ಒಂದನ್ನೊಂದು ಒತ್ತರಿಸಿಕೊಂಡು ನಿಂತಿವೆ. ಬೀದಿಯ ಕಡೆಯಿಂದ ಚಿಕ್ಕದಾಗಿ ಕಾಣುವ ಮನೆಯು ಹಿಂಬದಿಯ ಹೊಳೆಯ ಕಡೆಯಿಂದ ನೋಡಿದರೆ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿರುವುದುಂಟು. ಜನಸಂಖ್ಯೆ ಹತ್ತು ಸಾವಿರಕ್ಕೂ ಕಡಿಮೆ. ನಡುವೆ ಕೋಟೆಯಂತೆ ಕಠೋರವಾದ ಒಂದು ಹಳೆಯ ಕೆಥೆಡ್ರಲ್. ಅದರ ಸಮೀಪದಲ್ಲಿ, ಯಾವ ರಾಜನ ಪ್ರತಿಮೆಯೂ ಅಲ್ಲ, ಯಾವ ಸೇನಾನಿಯ ಪ್ರತಿಮೆಯೂ ಅಲ್ಲ, ತಂಬಾಕು ಸೇದುವ ಒಂದು ದೈತ್ಯಾಕಾರದ ಪೈಪು ನಿಂತಿದೆ! ಮೊದಲ ಬಾರಿಗೆ ಬಂದವನು ಅದನ್ನು ಕಂಡು ನಗದೆ ಇರಲಾರನು. ಆದರೆ ಒಂದು ಕಾಲದಲ್ಲಿ ಪ್ರಪಂಚದ ನಾನಾ ಮೂಲೆಗಳ ಜನರ ಬಾಯಲ್ಲಿದ್ದ ಮರದ ಪೈಪು ಹುಟ್ಟಿ ಬೆಳೆದುದು ಈ ಕಣಿವೆಯಲ್ಲಿಯೇ ಎಂಬುದನ್ನು ತಿಳಿದಾಗ ಆ ನಗೆ ಕುತೂಹಲಕ್ಕೆ ತಿರುಗುತ್ತದೆ.

ಜಪಸರದಿಂದ ಪೈಪಿಗೆ

ಈ ಊರಿನ ಮೂಲ ಒಂದು ಮಠ. ಐದನೆಯ ಶತಮಾನದಲ್ಲಿ ರೊಮೇನ್ ಮತ್ತು ಲ್ಯುಪಿಸೇನ್ ಎಂಬ ಸೋದರರು ಇಲ್ಲಿಯ ಕಾಡಿನಲ್ಲಿ ಆಶ್ರಮವನ್ನು ಕಟ್ಟಿದರು. ಏಳನೆಯ ಶತಮಾನದ ಕ್ಲೋದ್ ಎಂಬ ಸಂತನ ದೇಹವು ಕೆಡದೆ ಉಳಿದಿದೆಯೆಂಬ ಸುದ್ದಿ ಹನ್ನೆರಡನೆಯ ಶತಮಾನದಲ್ಲಿ ಹಬ್ಬಿದ ಮೇಲೆ ಯಾತ್ರಿಕರು ಪ್ರವಾಹದಂತೆ ಬರತೊಡಗಿದರು. ಊರಿಗೂ ಸಂತನ ಹೆಸರೇ ನಿಂತಿತು. ಹನ್ನೊಂದನೆಯ ಲೂಯಿ ದೊರೆಯೂ ಇಲ್ಲಿಗೆ ಯಾತ್ರೆ ಬಂದವನೇ. ಆನ್ ರಾಣಿಯು 1499ರಲ್ಲಿ ತನಗೆ ಹುಟ್ಟಿದ ಮಗಳಿಗೆ ಈ ಸಂತನ ಹೆಸರನ್ನೇ ಇಟ್ಟಳು.

ಯಾತ್ರೆಗೆ ಬಂದವರು ಬರಿಗೈಯಲ್ಲಿ ಊರಿಗೆ ಹಿಂದಿರುಗುವುದುಂಟೆ? ಹಿಮ ಬಿದ್ದು ಹೊಲಗೆಲಸ ನಿಂತ ತಿಂಗಳುಗಳಲ್ಲಿ ಬೆಟ್ಟದ ರೈತರು ಮನೆಯೊಳಗೆ ಕುಳಿತು, ಸುತ್ತಮುತ್ತ ಬೆಳೆಯುವ ಬಾಕ್ಸ್ ಎಂಬ ಗಟ್ಟಿ ಮರವನ್ನು ಲೇತಿಗೆ ಕೊಟ್ಟು ಕಡೆಯುತ್ತಿದ್ದರು. ಜಪಸರದ ಮಣಿ, ಸಂತನ ಪುಟ್ಟ ಬೊಂಬೆ, ಮಕ್ಕಳಿಗೆ ಪೀಪಿ, ಕೊಳಲು—ಇವು ಯಾತ್ರಿಕರ ಕೈಗೆ ಸೇರುತ್ತಿದ್ದುವು. ಹೊಳೆಯ ನೀರು ಲೇತುಗಳನ್ನು ತಿರುಗಿಸಲು ನೆರವಾಯಿತು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮರದ ಮರ್ಮವು ಆ ಜನರ ಬೆರಳುಗಳಿಗೆ ಇಳಿದು ಬಂದಿತು.

ಆದರೆ ಮಠದ ನೆರಳಿನಲ್ಲಿ ಬಾಳಿದವರೆಲ್ಲ ಸುಖವಾಗಿದ್ದರೆಂದು ಭಾವಿಸಬಾರದು. ಸುತ್ತಣ ರೈತರಲ್ಲಿ ಅನೇಕರು ಮಠಕ್ಕೆ ಜೀತದ ಒಕ್ಕಲುಗಳಾಗಿದ್ದರು. ಅವರ ಬಿಡುಗಡೆಗಾಗಿ ಪ್ರಸಿದ್ಧ ಲೇಖಕ ವಾಲ್ಟೇರನು 1770ರ ದಶಕದಲ್ಲಿ ಲೇಖನಿ ಹಿಡಿದು ಹೋರಾಡಿದನು. ಅದರ ಫಲವನ್ನು ಕಾಣುವುದಕ್ಕೆ ಮೊದಲೇ, 1778ರಲ್ಲಿ, ಅವನು ತೀರಿಕೊಂಡನು. ಬಿಡುಗಡೆ ಬಂದುದು ಫ್ರಾನ್ಸಿನ ಮಹಾಕ್ರಾಂತಿಯಿಂದ. ಅದೇ ಕ್ರಾಂತಿಯ ಆವೇಶದಲ್ಲಿ 1794ರಲ್ಲಿ ಸಂತನ ದೇಹವನ್ನು ಸುಟ್ಟುಹಾಕಿದರು. ಐದು ವರ್ಷಗಳು ಕಳೆಯುವಷ್ಟರಲ್ಲಿ, 1799ರ ಜೂನ್ ತಿಂಗಳಿನಲ್ಲಿ, ಊರೇ ಬೆಂಕಿಗೆ ಆಹುತಿಯಾಯಿತು. ಸಂತನೂ ಇಲ್ಲ, ಊರೂ ಇಲ್ಲ. ಉಳಿದುದು ಕೈಯಲ್ಲಿದ್ದ ಕಸಬು ಒಂದೇ.

ಆ ಕಸಬೇ ಊರನ್ನು ಮತ್ತೆ ಎತ್ತಿ ನಿಲ್ಲಿಸಿತು. ಜಪಸರ ಕಡೆದ ಕೈಗಳು ನಸ್ಯದ ಡಬ್ಬಿಗಳನ್ನು ಮಾಡಿದುವು. ಪಿಂಗಾಣಿಯ ಪೈಪುಗಳಿಗೆ ಮರದ ಮತ್ತು ಕೊಂಬಿನ ಕೊಳವೆಗಳನ್ನು ಮಾಡಿದುವು. ಇಡೀ ಪೈಪನ್ನೇ ಮರದಿಂದ ಮಾಡಬಾರದೇಕೆ ಎಂಬ ಆಲೋಚನೆಯೂ ಬಂದಿತು. ಆದರೆ ಚೆರಿ, ಪೇರ್, ವಾಲ್ನಟ್—ಯಾವ ಮರವಾದರೇನು? ಒಳಗೆ ಕೆಂಡವಿಟ್ಟರೆ ಮರ ಸುಡದೆ ಇದ್ದೀತೆ? ಮೂಗಿಗೆ ಬರುತ್ತಿದ್ದುದು ತಂಬಾಕಿನ ಹೊಗೆಯಲ್ಲ, ಬಟ್ಟಲಿನ ಹೊಗೆ!

ಪೊದೆಯ ಬುಡದ ಗಂಟು

ಈ ಸಮಸ್ಯೆಗೆ ಉತ್ತರ ದೊರೆತುದು 1850ರ ದಶಕದಲ್ಲಿ, ಅದೂ ದೂರದ ಮೆಡಿಟರೇನಿಯನ್ ಕಡಲ ತೀರದಿಂದ. ಫ್ರಾನ್ಸಿನ ಶ್ರೀಮಂತನೊಬ್ಬನು ನೆಪೋಲಿಯನ್ನನ ಹುಟ್ಟೂರನ್ನು ನೋಡಲು ಕಾರ್ಸಿಕಾ ದ್ವೀಪಕ್ಕೆ ಹೋದನಂತೆ. ಅಲ್ಲಿ ಅವನ ಬೆಲೆಬಾಳುವ ಪೈಪು ಒಡೆದುಹೋಯಿತಂತೆ. ಹಳ್ಳಿಯವನೊಬ್ಬನು ಕಾಡುಪೊದೆಯ ಬೇರಿನಿಂದ ಹೊಸದೊಂದನ್ನು ಕೆತ್ತಿಕೊಟ್ಟನಂತೆ. ಇದು ಪೈಪುಪ್ರಿಯರು ಹೇಳಿಕೊಳ್ಳುವ ಕಥೆ. ಕಥೆ ಹೇಗೇ ಇರಲಿ, ಆ ಪೊದೆಯು ಮಾತ್ರ ನಿಜ. ಫ್ರೆಂಚರು ಅದನ್ನು 'ಬ್ರುಯೇರ್' ಎನ್ನುತ್ತಾರೆ. ಆ ಮಾತೇ ಇಂಗ್ಲಿಷರ ಬಾಯಲ್ಲಿ 'ಬ್ರೈಯರ್' ಆಯಿತು.

ಬಡ ನೆಲದಲ್ಲಿ, ಬಿಸಿಲಿನಲ್ಲಿ, ಕಲ್ಲುಗಳ ನಡುವೆ ಬೆಳೆಯುವ ಈ ಪೊದೆಯ ಕಾಂಡಕ್ಕೂ ಬೇರಿಗೂ ನಡುವೆ ಒಂದು ದಪ್ಪ ಗಂಟು ಬಲಿಯುತ್ತದೆ. ಕಾಡುಗಿಚ್ಚು ಮೇಲಣ ಕೊಂಬೆಗಳನ್ನೆಲ್ಲ ಸುಟ್ಟರೂ ನೆಲದೊಳಗಣ ಈ ಗಂಟು ಬದುಕಿದ್ದು ಮತ್ತೆ ಚಿಗುರುತ್ತದೆ. ಅದು ಪೈಪಿಗೆ ಯೋಗ್ಯವಾಗಿ ಬಲಿಯಲು ಹಲವು ದಶಕಗಳೇ ಬೇಕು. ಶಾಖವನ್ನು ತಾಳುವ, ತೇವವನ್ನು ಹೀರುವ, ತೂಕದಲ್ಲಿ ಹಗುರವಾದ ಆ ಗಂಟಿನ ಮರವು ಪೈಪಿಗಾಗಿಯೇ ಹುಟ್ಟಿದಂತಿತ್ತು.

ಅಗೆದು ತೆಗೆದ ಗಂಟು ಒಣಗಿ ಸೀಳದಂತೆ ತೇವದಲ್ಲಿಡುತ್ತಾರೆ. ಗರಗಸದಿಂದ ತುಂಡರಿಸಿದ ಮೇಲೆ ತಾಮ್ರದ ದೊಡ್ಡ ಹಂಡೆಗಳಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಒಗರು ರಸವೆಲ್ಲ ಹೋಗಿ ಮರದ ಬಣ್ಣ ಕೆಂಪಿಗೆ ತಿರುಗುತ್ತದೆ. ಅನಂತರ ನೆರಳಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಣಗಬೇಕು. ಅಲ್ಲಿಂದಾಚೆಗೆ ಸೇಂಟ್ ಕ್ಲೋದಿನ ಕೆಲಸಗಾರರ ಪಾಳಿ. ಬಟ್ಟಲು ಕಡೆಯುವವನೊಬ್ಬ, ಬೈರಿಗೆಯಿಂದ ಹೊಗೆಯ ದಾರಿ ಕೊರೆಯುವವನೊಬ್ಬ, ಬಾಯ್ಕೊಳವೆಯನ್ನು ಹೊಂದಿಸುವವನೊಬ್ಬ. ಮೆರುಗು ಕೊಡುವ ಕೆಲಸದಲ್ಲಿ ಹೆಂಗಸರದು ಎತ್ತಿದ ಕೈ. ಹೀಗೆ ಹತ್ತಾರು ಕೈಗಳನ್ನು ದಾಟಿ ಒಂದು ಪೈಪು ಪೂರ್ತಿಯಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಪುಟ್ಟ ಕಣಿವೆಯಲ್ಲಿ ಸಾವಿರಾರು ಜನರ ಅನ್ನ ಇದೇ ಕಸಬಿನಿಂದ ನಡೆಯುತ್ತಿತ್ತು. ಇಲ್ಲಿಯ ಕೋಮುವಾ ಮನೆತನದವನೊಬ್ಬನು 1879ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿಯೂ ಪೈಪಿನ ಕಾರ್ಖಾನೆಯನ್ನು ತೆರೆದನು.

ಕೆಲಸಗಾರರು ಬರಿಯ ಕೂಲಿಗಳಾಗಿ ಉಳಿಯಲಿಲ್ಲ. 1881ರಲ್ಲಿ 'ಲಾ ಫ್ರಾಟರ್ನೆಲ್', ಎಂದರೆ 'ಸೋದರಭಾವ', ಎಂಬ ಸಹಕಾರ ಸಂಘವನ್ನು ಕಟ್ಟಿದರು. ದವಸಧಾನ್ಯದ ವ್ಯಾಪಾರದಿಂದ ಆರಂಭವಾದ ಆ ಸಂಘವು 1910ರ ಹೊತ್ತಿಗೆ 'ಜನರ ಮನೆ' ಎಂಬ ವಿಶಾಲ ಕಟ್ಟಡವನ್ನೇ ಎಬ್ಬಿಸಿತು. ಅಂಗಡಿ, ಮುದ್ರಣಾಲಯ, ನಾಟಕಶಾಲೆ ಎಲ್ಲವೂ ಒಂದೇ ಸೂರಿನಡಿ! ಆ ಕಟ್ಟಡದಲ್ಲಿ ಇಂದು ಸಂಗೀತವೂ ಚಲನಚಿತ್ರವೂ ನಡೆಯುತ್ತವೆ.

ದುರಸ್ತಿಯ ಮೇಜು

ಇಂದು ಸೇಂಟ್ ಕ್ಲೋದಿನಲ್ಲಿ ಪೈಪು ಮಾಡುವ ಮನೆಗಳು ಬೆರಳೆಣಿಕೆಯಷ್ಟು. ಆದರೆ ಹೊಸದನ್ನು ಮಾಡುವುದಕ್ಕಿಂತ ಸೂಕ್ಷ್ಮವಾದ ಮತ್ತೊಂದು ವಿದ್ಯೆ ಈ ಕಸಬಿನ ಜತೆಯಲ್ಲಿಯೇ ಬೆಳೆದಿದೆ. ಅದು ಹಳೆಯ ಪೈಪಿನ ದುರಸ್ತಿ. ತಾತನು ಸೇದಿದ ಪೈಪು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕುತ್ತದೆ: ಬಟ್ಟಲಿನ ಅಂಚು ಕರಿಕು, ಕತ್ತಿನಲ್ಲಿ ಬಿರುಕು, ಬಾಯ್ಕೊಳವೆಯ ಮೇಲೆ ಹಲ್ಲಿನ ಗುರುತು. ಅಂತಹುದನ್ನು ಎಸೆಯಲು ಮನಸ್ಸು ಬಾರದವರು ದುರಸ್ತಿಗಾರನನ್ನು ಹುಡುಕುತ್ತಾರೆ.

ದುರಸ್ತಿಗಾರನು ಮೊದಲು ಮಾಡುವ ಕೆಲಸ ಕಾಯುವುದು. ಮರಕ್ಕೂ ಬಾಯ್ಕೊಳವೆಗೂ ನಡುವೆ ಅಂಟು ಕಟ್ಟಿಕೊಂಡು ಎರಡೂ ಬಿಗಿದಿರುತ್ತವೆ. ಬಲವಂತದಿಂದ ತಿರುಚಿದರೆ ಕತ್ತು ಸೀಳಿತೆಂದೇ ಲೆಕ್ಕ. ಆದುದರಿಂದ ಪೈಪನ್ನು ಕೆಲವು ಗಂಟೆಗಳ ಕಾಲ ತಂಪಿನಲ್ಲಿ ಇಡುತ್ತಾನೆ. ಚಳಿಗೆ ಬಾಯ್ಕೊಳವೆಯು ಮರಕ್ಕಿಂತ ಹೆಚ್ಚು ಕುಗ್ಗುತ್ತದೆ. ಆಗ ಮೆಲ್ಲನೆ ತಿರುಗಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ.

ಬಳಿಕ ಬಟ್ಟಲು. ವರ್ಷಗಳ ಹೊಗೆಯಿಂದ ಒಳಗೋಡೆಗೆ ಇದ್ದಲಿನ ಪದರವು ಕಟ್ಟಿರುತ್ತದೆ. ಈ ಪದರ ತೆಳ್ಳಗಿದ್ದರೆ ಮರಕ್ಕೆ ರಕ್ಷೆ. ದಪ್ಪವಾದರೆ ಅದೇ ಶತ್ರು. ಕಾದಾಗ ಇದ್ದಲೂ ಮರವೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದುದರಿಂದ ಬಟ್ಟಲು ಒಳಗಿನಿಂದಲೇ ಬಿರಿಯುತ್ತದೆ. ಕೆರೆಯುವ ಅಲಗನ್ನು ನೆಟ್ಟಗೆ ಹಿಡಿದು ತಿರುಗಿಸುತ್ತ, ನಾಣ್ಯದ ದಪ್ಪದಷ್ಟು ಮಾತ್ರ ಉಳಿಸಿ ಉಳಿದುದನ್ನು ಕೆರೆದು ತೆಗೆಯುತ್ತಾನೆ. ಅನಂತರ ಹತ್ತಿಯನ್ನು ತುರುಕಿ ಮದ್ಯಸಾರವನ್ನು ತೊಟ್ಟಿಕ್ಕಿಸಿ ಒಂದು ರಾತ್ರಿ ಬಿಡುತ್ತಾನೆ. ಬೆಳಗಾಗುವಷ್ಟರಲ್ಲಿ ಬಿಳಿಯ ಹತ್ತಿ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಮರದೊಳಗೆ ಅವಿತಿದ್ದ ಎಷ್ಟೋ ವರ್ಷಗಳ ಕಹಿಯೆಲ್ಲ ಅದರಲ್ಲಿ!

ಬಾಯ್ಕೊಳವೆಯದು ಬೇರೊಂದು ಕಥೆ. ಹಿಂದೆ ಕೊಂಬು, ಅಂಬರುಗಳಿಂದ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಎಬೊನೈಟ್ ಬಂದಿತು. ಇದು ರಬ್ಬರಿಗೆ ಹೆಚ್ಚಾಗಿ ಗಂಧಕವನ್ನು ಸೇರಿಸಿ ಬೇಯಿಸಿದ ಗಟ್ಟಿ ಪದಾರ್ಥ. ಹೊಸದಾಗಿದ್ದಾಗ ಕಾಡಿಗೆಯ ಕಪ್ಪು. ಬೆಳಕು ಗಾಳಿಗಳ ಸೋಂಕಿನಿಂದ ವರ್ಷಗಳು ಕಳೆದಂತೆ ಅದರ ಮೈ ಹಸಿರುಮಿಶ್ರಿತ ಕಂದುಬಣ್ಣಕ್ಕೆ ತಿರುಗಿ, ನಾಲಗೆಗೆ ಕಹಿಯಾಗುತ್ತದೆ. ನಯವಾದ ಮರಳುಕಾಗದವನ್ನು ನೀರಿನಲ್ಲಿ ನೆನೆಸಿ, ಒರಟಿನಿಂದ ನಯಕ್ಕೆ ಹಂತಹಂತವಾಗಿ ಉಜ್ಜಿದರೆ ಒಳಗಣ ಕಪ್ಪು ಮತ್ತೆ ಮೇಲೆ ಬರುತ್ತದೆ. ಎಬೊನೈಟಿಗೆ ಒಂದು ವಿಚಿತ್ರ ಗುಣವಿದೆ. ಕಚ್ಚಿ ಕಚ್ಚಿ ತಗ್ಗಾದ ಜಾಗವನ್ನು ದೀಪದ ಶಾಖಕ್ಕೆ ಹದವಾಗಿ ಹಿಡಿದರೆ, ಆ ತಗ್ಗು ತಾನಾಗಿ ಉಬ್ಬಿ ಮೊದಲಿನ ಆಕಾರಕ್ಕೆ ಮರಳುತ್ತದೆ. ಎಷ್ಟೋ ವರ್ಷಗಳ ಹಿಂದೆ ಅಚ್ಚಿನಲ್ಲಿ ಪಡೆದ ರೂಪವನ್ನು ಅದು ಮರೆತಿರುವುದಿಲ್ಲ.

ಬಿರುಕು ಬಿಟ್ಟ ಕತ್ತಿಗೆ ಶಸ್ತ್ರಚಿಕಿತ್ಸೆಯೇ ಬೇಕು. ಬಿರುಕಿನ ತುದಿ ಎಲ್ಲಿದೆಯೆಂದು ಭೂತಗನ್ನಡಿಯಿಂದ ಹುಡುಕಿ, ಆ ತುದಿಯಲ್ಲಿ ಸೂಜಿಗಾತ್ರದ ತೂತು ಕೊರೆಯುತ್ತಾರೆ. ಓಡುವ ಬಿರುಕು ಆ ತೂತಿನಲ್ಲಿ ಬಂದು ನಿಲ್ಲುತ್ತದೆ. ಒಳಗೆ ಅಂಟು ಹರಿಸಿ, ಮೇಲೆ ಬೆಳ್ಳಿಯ ಇಲ್ಲವೆ ಹಿತ್ತಾಳೆಯ ಬಳೆಯನ್ನು ತೊಡಿಸಿ ಬಿಗಿಯುತ್ತಾರೆ. ಬಟ್ಟಲಿನ ಗೋಡೆ ಸುಟ್ಟು ತೂತಾಗಿದ್ದರೆ, ಕರಿಕಾದ ಭಾಗವನ್ನೆಲ್ಲ ಕೊರೆದು ತೆಗೆದು, ಅದೇ ಜಾತಿಯ ಮರದ ಬೆಣೆಯನ್ನು ಎಳೆಗೆ ಎಳೆ ಕೂಡುವಂತೆ ಕೂರಿಸುತ್ತಾರೆ. ಆ ಬೆಣೆ ದೊರೆಯುವುದು ಮತ್ತೊಂದು ಸತ್ತ ಪೈಪಿನಿಂದ! ಆದುದರಿಂದಲೇ ದುರಸ್ತಿಗಾರರು ಮುರುಕು ಪೈಪುಗಳನ್ನೂ ಬಿಸುಡದೆ ಪೆಟ್ಟಿಗೆಯಲ್ಲಿ ಕೂಡಿಹಾಕಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ವಿವೇಕ ಬೇಕಾಗುವುದು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ. ಕತ್ತಿನ ಮೇಲೆ ಮಾಡಿದವರ ಮುದ್ರೆ ಇರುತ್ತದೆ. ಅತಿಯಾಗಿ ಉಜ್ಜಿದರೆ ಮುದ್ರೆಯು ಮಾಸಿ, ಪೈಪು ತನ್ನ ಹೆಸರನ್ನೇ ಕಳೆದುಕೊಳ್ಳುತ್ತದೆ. ಮರವೂ ಕೊಳವೆಯೂ ಕೂಡುವ ಅಂಚನ್ನು ಉರುಟಾಗಿಸಿದರೆ ಅಲ್ಲಿ ಎಂದೆಂದಿಗೂ ಒಂದು ಸಂದು ಕಾಣುತ್ತದೆ. ಹಳೆಯದನ್ನು ಹೊಸದರಂತೆ ಮಾಡಹೊರಟವನು ಎರಡನ್ನೂ ಕೆಡಿಸುತ್ತಾನೆ. ಬಲ್ಲವನು ಒಂದೆರಡು ಗೀರುಗಳನ್ನು ಹಾಗೆಯೇ ಬಿಟ್ಟು, ಬ್ರೆಜಿಲ್ ದೇಶದ ತಾಳೆಯ ಎಲೆಯಿಂದ ಬರುವ ಕಾರ್ನೂಬಾ ಮೇಣವನ್ನು ಹಚ್ಚಿ, ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ತರಿಸಿ ಕೈತೊಳೆದುಕೊಳ್ಳುತ್ತಾನೆ.

ಹೊಗೆಯ ಲೆಕ್ಕ

ಇಷ್ಟೆಲ್ಲ ಜಾಣ್ಮೆಯು ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಮರೆಮಾಚುವುದು ಸಾಧುವಲ್ಲ. ಪೈಪನ್ನು ಮೊದಲು ಹಿಂದಕ್ಕೆ ತಳ್ಳಿದುದು ಸಿಗರೇಟು. ಅವಸರದ ಕಾಲಕ್ಕೆ ಅವಸರದ ಹೊಗೆಯೇ ಒಗ್ಗಿತು. ಆಮೇಲೆ ವೈದ್ಯರು ಲೆಕ್ಕವನ್ನು ಮುಂದಿಟ್ಟರು. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1964ರ ಅಮೆರಿಕದ ಸರ್ಕಾರಿ ವರದಿಯು ಪೈಪು ಸೇದುವವರಿಗೆ ತುಟಿಯ ಕ್ಯಾನ್ಸರಿನ ಅಪಾಯವಿದೆಯೆಂದು ಹೇಳಿತು. ಫ್ರಾನ್ಸಿನಲ್ಲಿ 1991ರ ಶಾಸನವು ತಂಬಾಕಿನ ಜಾಹೀರಾತಿಗೆ ಕಡಿವಾಣ ಹಾಕಿತು; 2008ರಿಂದ ಕಾಫಿಗೃಹಗಳಲ್ಲಿಯೂ ಹೊಗೆ ನಿಂತಿತು. ಮನುಷ್ಯನ ಶ್ವಾಸಕ್ಕೆ ಒಳಿತಾದುದು ಈ ಊರಿನ ಕಸಬಿಗೆ ಮುಳುವಾಯಿತು. ಈ ಒಳಿತು ಬರಬಾರದಾಗಿತ್ತು ಎಂದು ಯಾರೂ ಹೇಳಲಾರರು. ಹಾಗೆಂದು ಆರು ತಲೆಮಾರುಗಳ ಕೈಯ ವಿದ್ಯೆ ಮಣ್ಣಾಗಲಿ ಎನ್ನುವುದಕ್ಕೂ ನಾಲಗೆ ಏಳದು.

ಸೇಂಟ್ ಕ್ಲೋದಿಗೆ ಇಂತಹ ಪೆಟ್ಟು ಹೊಸತಲ್ಲ. 1944ರ ಏಪ್ರಿಲ್ 9ರಂದು, ಈಸ್ಟರ್ ಹಬ್ಬದ ಭಾನುವಾರ, ಜರ್ಮನ್ ಸೈನಿಕರು ಊರಿನ ಗಂಡಸರನ್ನು ಚೌಕಕ್ಕೆ ಕರೆಸಿ, 302 ಜನರನ್ನು ಸೆರೆಶಿಬಿರಕ್ಕೆ ಸಾಗಿಸಿದರು. ಅನೇಕರು ಹಿಂದಿರುಗಲಿಲ್ಲ. ಆ ಗಾಯವನ್ನೂ ಹೊತ್ತುಕೊಂಡು ಊರು ಮತ್ತೆ ಲೇತಿನ ಮುಂದೆ ಕುಳಿತಿತು. 1966ರಲ್ಲಿ 'ಪೈಪು ಆಚಾರ್ಯರ ಬಳಗ'ವೊಂದು ಸ್ಥಾಪನೆಯಾಯಿತು. ಊರಿನ ವಸ್ತುಸಂಗ್ರಹಾಲಯದಲ್ಲಿ ಪೈಪುಗಳ ಜತೆಗೆ ಇಲ್ಲಿಯ ಮತ್ತೊಂದು ಕಸಬಾದ ವಜ್ರ ಸಾಣೆಯ ಸಲಕರಣೆಗಳನ್ನೂ ಕಾಣಬಹುದು. ನೆರೆಯ ಓಯೊನಾ ಪಟ್ಟಣವು ಮರದ ಬಾಚಣಿಗೆಯಿಂದ ಕೊಂಬಿಗೆ, ಕೊಂಬಿನಿಂದ ಪ್ಲಾಸ್ಟಿಕ್ಕಿಗೆ ಹಾರಿ ಬದುಕಿಕೊಂಡಿತು. ಸೇಂಟ್ ಕ್ಲೋದ್ ಮರವನ್ನು ಪೂರ್ತಿಯಾಗಿ ಕೈಬಿಡಲಿಲ್ಲ.

ಸುಟ್ಟ ಪೀಠಗಳು

ಊರು ಬಿಡುವ ಮುನ್ನ ಪ್ರವಾಸಿಗನು ಮತ್ತೊಮ್ಮೆ ಕೆಥೆಡ್ರಲ್ಲಿನ ಒಳಹೊಕ್ಕು ನೋಡಬೇಕು. ಅಲ್ಲಿ ಹದಿನೈದನೆಯ ಶತಮಾನದಲ್ಲಿ ಜಾನ್ ದ ವಿತ್ರಿ ಎಂಬ ಶಿಲ್ಪಿಯು ಓಕ್ ಮರದಲ್ಲಿ ಕೆತ್ತಿದ ಮಠವಾಸಿಗಳ ಪೀಠಗಳಿವೆ. ಸಂತರು, ಪ್ರವಾದಿಗಳು, ನಡುನಡುವೆ ಕೆಳಗಣ ಪಟ್ಟಿಗಳಲ್ಲಿ ದಿನನಿತ್ಯದ ಬಾಳಿನ ಚೇಷ್ಟೆಯ ಚಿತ್ರಗಳು. 1799ರ ಬೆಂಕಿಯಿಂದ ಪಾರಾಗಿ ಉಳಿದಿದ್ದ ಆ ಪೀಠಗಳಿಗೆ 1983ರ ಸೆಪ್ಟೆಂಬರಿನ ಒಂದು ರಾತ್ರಿ ಬೆಂಕಿ ಬಿದ್ದು, ದಕ್ಷಿಣದ ಸಾಲು ಸುಟ್ಟುಹೋಯಿತು. ಉಳಿದ ಸಾಲೇ ಸಾಕೆಂದು ಕೈಚೆಲ್ಲಬಹುದಾಗಿತ್ತು. ಹಾಗೆ ಮಾಡಲಿಲ್ಲ. ಶಿಲ್ಪಿಗಳು ವರ್ಷಾನುಗಟ್ಟಲೆ ಶ್ರಮಿಸಿ ಕಳೆದುಹೋದುದನ್ನು ಮತ್ತೆ ಕೆತ್ತಿ ಕೂರಿಸಿದರು. ಕೆಲಸ ಮುಗಿದುದು 1999ರಲ್ಲಿ.

ಈಗ ಆ ಪೀಠಗಳಲ್ಲಿ ಕುಳಿತು ಜಪ ಮಾಡುವ ಮಠವಾಸಿಗಳಿಲ್ಲ, ಮಠವೇ ಇಲ್ಲ. ಆದರೂ ಅವು ಬೇಕೆಂದು ಊರಿಗೆ ತೋರಿತು. ಹಾಗೆಯೇ, ದುರಸ್ತಿಯ ಮೇಜಿನಿಂದ ಬೆಳ್ಳಿಯ ಬಳೆ ತೊಟ್ಟು ಹಿಂದಿರುಗುವ ಪೈಪುಗಳಲ್ಲಿ ಎಷ್ಟೋ ಇನ್ನೆಂದೂ ಕೆಂಡವನ್ನು ಕಾಣುವುದಿಲ್ಲ. ಮೊಮ್ಮಗನು ಅದನ್ನು ಪುಸ್ತಕದ ಬೀರುವಿನಲ್ಲಿ ಇಡುತ್ತಾನೆ. ಆಗೊಮ್ಮೆ ಈಗೊಮ್ಮೆ ಕೈಗೆತ್ತಿಕೊಂಡಾಗ ತಾತನ ಹೆಬ್ಬೆರಳು ಸವೆಸಿದ ಜಾಗಕ್ಕೆ ಅವನ ಹೆಬ್ಬೆರಳೂ ಹೋಗಿ ಕೂರುತ್ತದೆ. ಅಷ್ಟಕ್ಕಾಗಿಯೇ ಆ ದುರಸ್ತಿ.

ಸಂಜೆಯ ರೈಲು ಮತ್ತೆ ಸುರಂಗಗಳ ಕಡೆಗೆ ಏರುತ್ತದೆ. ಹಿಂದಿರುಗಿ ನೋಡಿದರೆ, ಎರಡು ಹೊಳೆಗಳ ನಡುವಣ ಜಗಲಿಯ ಮೇಲೆ ಊರಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿರುತ್ತವೆ.